ಕರೆಂಟ್ ಹೋಗಿ ಬಂದ ಮೇಲೆ ನಾಸ್ ತೆರೆಯುತ್ತಿಲ್ಲವೇ? ಡೇಟಾ ಹೊರತೆಗೆಯುವ ಕ್ರಮ

ಫೋಟೊ ಸ್ಟುಡಿಯೊ, ಆಡಿಟರ್ ಆಫೀಸು, ಮುದ್ರಣಾಲಯ, ಕ್ಲಿನಿಕ್ಕು ಹೀಗೆ ಎಲ್ಲ ಕಂಪ್ಯೂಟರುಗಳ ಫೈಲೂ ಒಂದೇ ಕಡೆ ಇರಲೆಂದು ತಂದಿಟ್ಟ ಎರಡೋ ನಾಲ್ಕೋ ಡಿಸ್ಕಿನ ನಾಸ್ ಪೆಟ್ಟಿಗೆ ಈಗ ಸಣ್ಣ ಊರುಗಳಲ್ಲೂ ಇದೆ. ಮಳೆಗಾಲದ ಸಂಜೆ ಕರೆಂಟ್ ಹೋಗುತ್ತದೆ, ಬರುತ್ತದೆ, ಐದು ನಿಮಿಷದಲ್ಲಿ ಮತ್ತೆ ಹೋಗುತ್ತದೆ. ಆಮೇಲೆ ನೋಡಿದರೆ ನಾಸ್‌ನ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ, ಷೇರ್ಡ್ ಫೋಲ್ಡರ್ ತೆರೆಯುವುದಿಲ್ಲ, ಲಾಗಿನ್ ಆದರೆ ‘ವಾಲ್ಯೂಮ್ ಕ್ರ್ಯಾಷ್ಡ್’ ಎಂಬ ಸಾಲು ಕಾಣುತ್ತದೆ.

ಇಂಥ ಹೊತ್ತಿನಲ್ಲೂ ಡೇಟಾ ಬಹುಪಾಲು ಡಿಸ್ಕಿನ ಮೇಲೆ ಇದ್ದ ಹಾಗೇ ಇರುತ್ತದೆ. ಕರೆಂಟ್ ಹೋದ ಕ್ಷಣಕ್ಕೆ ಕೆಡುವುದು ಆಗ ಬರೆಯುತ್ತಿದ್ದ ಕೆಲವು ಫೈಲು ಮತ್ತು ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ತನ್ನ ಲೆಕ್ಕ ಇಟ್ಟುಕೊಳ್ಳುವ ಒಂದಿಷ್ಟು ಬ್ಲಾಕು. ಪೂರ್ತಿ ಕಳೆದುಹೋಗುವುದು ಅದರ ನಂತರದ ಒಂದೆರಡು ಗಂಟೆಯಲ್ಲಿ: ಗಾಬರಿಯಲ್ಲಿ ಒತ್ತಿದ ‘ಇನಿಶಿಯಲೈಸ್’ ಗುಂಡಿ, ಎಲ್ಲೋ ಓದಿ ಹಾಕಿದ ರಿಪೇರಿ ಕಮ್ಯಾಂಡು, ಸೊರಗಿದ ಡಿಸ್ಕಿನ ಮೇಲೆ ಹೇರಿದ ರೀಬಿಲ್ಡ್. ಹಾಗಾಗಿ ಈ ಇಡೀ ಕ್ರಮ ಒಂದೇ ನಿಯಮದ ಮೇಲೆ ನಿಂತಿದೆ. ನಕಲು ಕೈಗೆ ಬರುವ ತನಕ ಮೂಲ ಡಿಸ್ಕಿನ ಮೇಲೆ ಒಂದು ಬೈಟೂ ಬರೆಯಬಾರದು.

ಇಲ್ಲಿ ಕಮ್ಯಾಂಡುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದೆ.

ಮೊದಲ ಹತ್ತು ನಿಮಿಷ

ಮೊದಲು ನೋಡಬೇಕಾದ್ದು, ಫೈಲುಗಳು ಈಗಲೂ ಕಾಣುತ್ತಿವೆಯೇ ಎಂದು. ಕಾಣುತ್ತಿದ್ದು, ‘ಡಿಗ್ರೇಡೆಡ್’ (ಒಂದು ಡಿಸ್ಕು ಜೋಡಣೆಯಿಂದ ಹೊರಬಿದ್ದಿದೆ) ಎಂದಷ್ಟೇ ತೋರಿಸುತ್ತಿದ್ದರೆ ನೀವು ಇನ್ನೂ ಸುರಕ್ಷಿತ ದಡದಲ್ಲೇ ಇದ್ದೀರಿ. ‘ರಿಪೇರಿ’ ಒತ್ತಬೇಡಿ. ಅತಿ ಮುಖ್ಯವಾದ ಫೋಲ್ಡರನ್ನು ನೆಟ್‌ವರ್ಕ್ ಮೂಲಕವೇ ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳಿ, ಉಳಿದದ್ದು ಆಮೇಲೆ. ರಿಪೇರಿ ಒತ್ತಿದರೆ ಶುರುವಾಗುವ ರೀಬಿಲ್ಡ್ ಎಂದರೆ ಉಳಿದ ಡಿಸ್ಕುಗಳನ್ನು ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಓದುವ ಕೆಲಸ. ಒಂದೇ ದಿನ ಕೊಂಡ, ಒಂದೇ ವಯಸ್ಸಿನ ಡಿಸ್ಕುಗಳಲ್ಲಿ ಎರಡನೆಯದು ಕೈಕೊಡುವುದು ಹೆಚ್ಚಾಗಿ ಆಗಲೇ.

ಫೈಲು ಕಾಣದಿದ್ದರೆ, ಮೆನುವಿನಿಂದ ಶಟ್‌ಡೌನ್ ಮಾಡಿ ಪ್ಲಗ್ ತೆಗೆಯಿರಿ. ಮತ್ತೆ ಮತ್ತೆ ಆನ್ ಆಫ್ ಮಾಡಿ ನೋಡುವುದು ಬೇಡ. ಪ್ರತಿ ಸಲ ಆನ್ ಆದಾಗಲೂ ನಾಸ್ ತಾನಾಗಿಯೇ ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ಜೋಡಣೆ) ಜೋಡಿಸಲು, ಜರ್ನಲ್ (ಅರ್ಧಕ್ಕೆ ನಿಂತ ಬರವಣಿಗೆಯ ದಾಖಲೆ) ಓಡಿಸಲು, ಸಿಂಕ್ ಮಾಡಲು ಹೊರಡುತ್ತದೆ. ಅದೆಲ್ಲವೂ ಬರವಣಿಗೆಯೇ. ಡಿಸ್ಕುಗಳನ್ನು ಹೊರತೆಗೆಯುವ ಮುಂಚೆ ಯಾವ ಬೇಯಲ್ಲಿ (ಡಿಸ್ಕು ಕೂರುವ ಗೂಡಿನಲ್ಲಿ) ಯಾವುದಿತ್ತು ಎಂದು ಮಾರ್ಕರಿನಿಂದ ಸಂಖ್ಯೆ ಬರೆಯಿರಿ. ಲೇಬಲ್ಲಿನ ಸೀರಿಯಲ್ ನಂಬರ್ ಕಾಣುವ ಹಾಗೆ ಫೋಟೊ ತೆಗೆದಿಟ್ಟುಕೊಳ್ಳಿ.

ನಾಸ್‌ನಿಂದ ತೆಗೆದ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಲೇಬೇಡಿ ಎಂದು ಗಟ್ಟಿಯಾಗಿ ಹೇಳಬೇಕು. ನಾಸ್‌ನ ಒಳಗಿರುವ ಲಿನಕ್ಸ್ ಸಿಸ್ಟಮ್ಮಿನ ಪಾರ್ಟಿಷನ್ (ಡಿಸ್ಕಿನ ವಿಭಾಗ) ವಿಂಡೋಸಿಗೆ ಅರ್ಥವಾಗದೆ ‘ಫಾರ್ಮ್ಯಾಟ್ ಮಾಡಬೇಕೇ’, ‘ಇನಿಶಿಯಲೈಸ್ ಮಾಡಬೇಕೇ’ ಎಂದು ಕೇಳುತ್ತದೆ. ಅಭ್ಯಾಸಬಲದಿಂದ ಓಕೆ ಒತ್ತಿದರೆ ಪಾರ್ಟಿಷನ್ ಟೇಬಲ್ ಹೋಯಿತು.

ಕೆಟ್ಟಿರುವುದು ಅಡಾಪ್ಟರ್ ಇರಬಹುದು

ಸತ್ತೇಹೋಯಿತೆಂದು ತಂದಿಟ್ಟ ನಾಸ್‌ಗಳಲ್ಲಿ ಡಿಸ್ಕು, ಬೋರ್ಡು ಎರಡೂ ಚೆನ್ನಾಗಿದ್ದು ಅಡಾಪ್ಟರ್ ಮಾತ್ರ ಹೋಗಿರುವುದು ಅಪರೂಪವಲ್ಲ. ಆದ್ದರಿಂದ ಈ ಹಂತವನ್ನು ಹಾರಿಸಬೇಡಿ.

ಎರಡು ಬೇ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ 12 ವೋಲ್ಟಿನ ಅಡಾಪ್ಟರ್ ಇರುತ್ತದೆ. ಮಲ್ಟಿಮೀಟರ್ ಹಿಡಿದರೆ 12 ತೋರಿಸಿತು, ಹಾಗಾಗಿ ಅಡಾಪ್ಟರ್ ಚೆನ್ನಾಗಿದೆ ಎಂದುಕೊಳ್ಳುವಂತಿಲ್ಲ. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಕೆಲವು ಸೆಕೆಂಡು 12 ವೋಲ್ಟಿನಲ್ಲಿ ಒಂದೂವರೆಯಿಂದ ಎರಡು ಆಂಪಿಯರ್ ಎಳೆಯುತ್ತದೆ. ವೋಲ್ಟೇಜ್ ಏರಿಳಿತದಲ್ಲಿ ಸೊರಗಿದ ಕೆಪಾಸಿಟರ್ ಇರುವ ಅಡಾಪ್ಟರ್ ಆ ಹೊರೆ ಬಿದ್ದ ಕೂಡಲೇ ಕುಸಿಯುತ್ತದೆ. ಡಿಸ್ಕು ತಿರುಗಲು ಶುರುಮಾಡಿ ನಿಲ್ಲುವುದು, ಟಿಕ್ ಎಂದು ಮತ್ತೆ ಹೊರಡುವುದು, ದೀಪ ಒಮ್ಮೆ ಹೊತ್ತಿ ಆರುವುದು, ಇವು ಅದರ ಲಕ್ಷಣ. ಡಿಸ್ಕಿಗೇ ಕಾಯಿಲೆ ಎಂದು ತಪ್ಪು ತಿಳಿಯುವುದೂ ಇಲ್ಲಿಯೇ.

ಪರೀಕ್ಷೆ ಸುಲಭ. ಎಲ್ಲ ಡಿಸ್ಕುಗಳನ್ನೂ ಹೊರಗಿಟ್ಟು ಖಾಲಿ ಪೆಟ್ಟಿಗೆಯನ್ನು ಆನ್ ಮಾಡಿ. ಅದು ನಿಂತು ಉರಿದು ನೆಟ್‌ವರ್ಕ್ ದೀಪ ಬಂದರೆ ಬೋರ್ಡು ಬದುಕಿದೆ. ಆಮೇಲೆ ಅಡಾಪ್ಟರ್ ಬದಲಿಸಿ. ಹೊಸದರ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ಅಳತೆ ಮತ್ತು ಒಳಗೆ ಪ್ಲಸ್, ಹೊರಗೆ ಮೈನಸ್ ಎಂಬ ಗುರುತು ಹಳೆಯದಕ್ಕೆ ಹೊಂದಬೇಕು. ಲ್ಯಾಪ್‌ಟಾಪಿನ 19 ವೋಲ್ಟಿನ ಅಡಾಪ್ಟರ್ ಪಿನ್ ಕೂತಿತೆಂದು ಸಿಕ್ಕಿಸಿದರೆ ಡಿಸ್ಕಿನ ಬೋರ್ಡುಗಳೂ ಸುಡಬಹುದು.

ಹೊಸ ಅಡಾಪ್ಟರ್ ಇದ್ದರೂ ಒಂದು ಡಿಸ್ಕು ಅಲ್ಲಾಡದೆ ತಣ್ಣಗೆ ಕೂತಿದ್ದರೆ ಅದರ ಬೋರ್ಡಿನ ರಕ್ಷಣಾ ಡಯೋಡ್ ಶಾರ್ಟ್ ಆಗಿರಬಹುದು. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡು ತಂದು ಹಾಕಿದರೆ ಕೆಲಸವಾಗದು. ಆ ಡಿಸ್ಕಿನ ಹೆಡ್ಡುಗಳಿಗೇ ಹೊಂದಿಸಿದ ಮಾಹಿತಿ ಮೂಲ ಬೋರ್ಡಿನ ರೋಮ್ ಚಿಪ್ಪಿನಲ್ಲಿರುತ್ತದೆ, ಅದನ್ನೂ ಬಿಚ್ಚಿ ಕೂಡಿಸಬೇಕಾಗುತ್ತದೆ. ಅದು ಡೇಟಾ ರಿಕವರಿ ಲ್ಯಾಬಿನವರ ಕೆಲಸ. ಕಟಕಟ ಸದ್ದು ಮಾಡುವ ಡಿಸ್ಕಿನದೂ ಅಷ್ಟೇ, ಕೂಡಲೇ ಆಫ್ ಮಾಡಿ. ಮುಚ್ಚಳ ತೆರೆಯುವುದು, ಫ್ರೀಜರಿನಲ್ಲಿಡುವುದು ಮಾಡಿದರೆ ಲ್ಯಾಬಿನವರಿಗೂ ಏನೂ ಉಳಿಯುವುದಿಲ್ಲ.

ಬೇಕಾದ ಸಾಮಾನು

ಡಿಸ್ಕನ್ನು ನೇರ ಸಿಕ್ಕಿಸಬಹುದಾದ ಸಾಟಾ ಪೋರ್ಟುಗಳಿರುವ ಡೆಸ್ಕ್‌ಟಾಪ್ ಇದ್ದರೆ ಉತ್ತಮ. ಇಲ್ಲವಾದರೆ ಲ್ಯಾಪ್‌ಟಾಪ್ ಮತ್ತು ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ 3 ಡಾಕ್ (ಬಿಚ್ಚಿದ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಸಾಧನ). ಉಬುಂಟು (ಒಂದು ಬಗೆಯ ಲಿನಕ್ಸ್) ಹಾಕಿದ 8 ಜಿಬಿ ಪೆನ್‌ಡ್ರೈವ್. ನಕಲು ತುಂಬಲು ದೊಡ್ಡ ಡಿಸ್ಕು: 4 ಟಿಬಿಯ ಎರಡು ಡಿಸ್ಕಿದ್ದರೆ 8 ಟಿಬಿಗಿಂತ ತುಸು ಹೆಚ್ಚು ಜಾಗ, ನಾಲ್ಕಿದ್ದರೆ 16 ಟಿಬಿ ಮೀರಿ. ಅದರ ಮೇಲೆ, ಹೊರತೆಗೆದ ಫೈಲುಗಳಿಗೆ ಬೇರೆಯೇ ಒಂದು ಡಿಸ್ಕು. ಇಷ್ಟು ಖರ್ಚು ಯಾಕೆ ಎನಿಸುತ್ತದೆ. ಡೇಟಾ ಮರಳಿ ಬಂದ ಮೇಲೆ ಇವೇ ನಿಮ್ಮ ಬ್ಯಾಕಪ್ ಡಿಸ್ಕುಗಳಾಗುತ್ತವೆ.

ನಕಲು ತುಂಬುವ ಡಿಸ್ಕನ್ನು ಎಕ್ಸ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಆಗಿ ಫಾರ್ಮ್ಯಾಟ್ ಮಾಡಿ. ಇದಕ್ಕೆ ಕಾರಣ ಮುಂದೆ ಬರುತ್ತದೆ.

ಪೆನ್‌ಡ್ರೈವಿನಿಂದ ಬೂಟ್ ಮಾಡುವಾಗ ‘ಟ್ರೈ ಉಬುಂಟು’ ಆರಿಸಿ, ಇನ್‌ಸ್ಟಾಲ್ ಬೇಡ. ರೇಡ್ ಜೋಡಿಸುವ ಟೂಲ್ ಎಂಡಿಆಡ್ಮ್ (ಎಂ, ಡಿ, ಎ, ಡಿ, ಎಂ ಎಂಬ ಐದಕ್ಷರ). ಅದನ್ನು ಈಗಲೇ ಹಾಕಿಕೊಳ್ಳಬೇಡಿ. ಅದಿದ್ದರೆ ಸಿಕ್ಕಿಸಿದ ಡಿಸ್ಕುಗಳನ್ನು ಸಿಸ್ಟಮ್ ತಾನೇ ಜೋಡಿಸಲು ಹೋಗಬಹುದು.

ಡಿಸ್ಕಿನ ನಾಡಿ ನೋಡುವುದು

ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿಕೊಂಡು ಒಂದೊಂದೇ ಡಿಸ್ಕಿಗೆ ‘ಸ್ಮಾರ್ಟ್‌ಸಿಟಿಎಲ್ -ಎ’ ಓಡಿಸಿ. ಯುಎಸ್‌ಬಿ ಡಾಕ್ ಮೂಲಕವಾದರೆ ‘-ಡಿ ಸ್ಯಾಟ್’ ಕೂಡ ಸೇರಿಸಬೇಕಾಗಬಹುದು. ಪಟ್ಟಿಯಲ್ಲಿ ಮೂರು ಸಾಲು ಸಾಕು. 5ನೆಯದು ಬದಲಿ ಕೊಟ್ಟ ಸೆಕ್ಟರುಗಳ ಸಂಖ್ಯೆ. 197 ಓದಲಾಗದೆ ಕಾಯುತ್ತಿರುವ ಸೆಕ್ಟರುಗಳದು. 199 ಕೇಬಲ್ ಅಥವಾ ಕನೆಕ್ಟರ್ ದೋಷದ್ದು, ಡಿಸ್ಕಿನ ತಪ್ಪಲ್ಲ.

ಕರೆಂಟ್ ಹೋದ ಮೇಲೆ 197ರಲ್ಲಿ ಕೆಲವು ಸೆಕ್ಟರು ಕಾಣಿಸಿಕೊಂಡರೆ ಹೆದರಬೇಕಿಲ್ಲ. ಸೆಕ್ಟರ್ ಬರೆಯುವಾಗಲೇ ವಿದ್ಯುತ್ ನಿಂತರೆ ಅರ್ಧ ಹೊಸದು, ಅರ್ಧ ಹಳೆಯದಾಗಿ ಅದರ ತಪ್ಪು ತಿದ್ದುವ ಸಂಕೇತ ತಾಳೆಯಾಗುವುದಿಲ್ಲ. ಡಿಸ್ಕಿನ ಮೇಲ್ಮೈ ಸರಿಯಾಗೇ ಇರುತ್ತದೆ. ಸಂಖ್ಯೆ ನೂರಾರು ಇದ್ದು, ನೋಡನೋಡುತ್ತ ಏರುತ್ತಿದ್ದರೆ ಮಾತ್ರ ಆ ಡಿಸ್ಕಿನ ನಕಲನ್ನೇ ಮೊದಲು ತೆಗೆಯಿರಿ.

ನಕಲು ತೆಗೆಯುವುದು

ನಕಲು ತೆಗೆಯುವ ಟೂಲಿಗೆ ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ, ಕಮ್ಯಾಂಡಿನ ಹೆಸರು ಡಿಡಿರೆಸ್ಕ್ಯೂ. ‘ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಸೈಜ್,ಮಾಡೆಲ್,ಸೀರಿಯಲ್’ ಎಂದು ಕೊಟ್ಟು, ಬಂದ ಸೀರಿಯಲ್ಲನ್ನು ತೆಗೆದಿಟ್ಟ ಫೋಟೊ ಜೊತೆ ತಾಳೆ ನೋಡಿ. ಆಮೇಲೆ ಮೊದಲ ಸುತ್ತು, ‘ಎಸ್‌ಡಿಬಿ’ ಇರುವಲ್ಲಿ ಆ ಪಟ್ಟಿಯಲ್ಲಿ ಬಂದ ನಿಮ್ಮ ಡಿಸ್ಕಿನ ಹೆಸರು ಹಾಕಿ:

ಡಿಡಿರೆಸ್ಕ್ಯೂ -ಡಿ -ಎನ್ /ಡೆವ್/ಎಸ್‌ಡಿಬಿ ಡಿಸ್ಕ್1.ಐಎಂಜಿ ಡಿಸ್ಕ್1.ಮ್ಯಾಪ್

‘-ಎನ್’ ಇದ್ದರೆ ಕಷ್ಟದ ಜಾಗಗಳನ್ನು ಕೆದಕದೆ, ಸುಲಭಕ್ಕೆ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಅದು ಮುಗಿದ ಮೇಲೆ ಅದೇ ಸಾಲಿನಲ್ಲಿ ‘-ಎನ್’ ತೆಗೆದು ‘-ಆರ್3’ ಹಾಕಿ ಮತ್ತೆ ಓಡಿಸಿದರೆ ಉಳಿದ ಸೆಕ್ಟರುಗಳನ್ನು ಇನ್ನೂ ಮೂರು ಸಲ ಪ್ರಯತ್ನಿಸುತ್ತದೆ. ನಕಲನ್ನು ಹೀಗೆ ಫೈಲಿಗೇ ತೆಗೆಯಿರಿ. ಡಿಸ್ಕಿನಿಂದ ನೇರ ಡಿಸ್ಕಿಗೆ ತೆಗೆಯಲು ಹೋಗಿ ಎರಡರ ಹೆಸರು ಅದಲುಬದಲಾದರೆ ಖಾಲಿ ಡಿಸ್ಕೇ ಮೂಲದ ಮೇಲೆ ಕೂತುಬಿಡುತ್ತದೆ.

4 ಟಿಬಿಯ ಆರೋಗ್ಯವಂತ ಡಿಸ್ಕಿಗೆ ಸಾಟಾ ಅಥವಾ ಯುಎಸ್‌ಬಿ 3ರಲ್ಲಿ ಏಳೆಂಟು ಗಂಟೆ ಬೇಕು. ಗೊತ್ತಾಗದೆ ಯುಎಸ್‌ಬಿ 2 ಪೋರ್ಟಿಗೆ ಸಿಕ್ಕಿಸಿದ್ದರೆ ಮೂವತ್ತು ಗಂಟೆ ಮೀರುತ್ತದೆ. ಇಷ್ಟು ಹೊತ್ತಿನಲ್ಲಿ ಕರೆಂಟ್ ಮತ್ತೆ ಹೋಗುವುದಿಲ್ಲ ಎಂದು ನಂಬುವ ಹಾಗಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಆದರೆ ಡಾಕಿನ ಅಡಾಪ್ಟರಿಗೆ ಇಲ್ಲ. ಹಾಗಾಗಿ ಡಾಕನ್ನು ಯುಪಿಎಸ್‌ಗೆ ಹಾಕಿ. ಮ್ಯಾಪ್ ಫೈಲನ್ನು ಜೋಪಾನ ಮಾಡಿ. ನಡುವೆ ನಿಂತರೂ ಅದೇ ಕಮ್ಯಾಂಡು ಮತ್ತೆ ಕೊಟ್ಟಾಗ ನಿಂತಲ್ಲಿಂದಲೇ ಮುಂದುವರಿಯುವುದು ಅದರಿಂದ. ಪೆನ್‌ಡ್ರೈವಿನ ಉಬುಂಟುವಿನ ಡೆಸ್ಕ್‌ಟಾಪಿನಲ್ಲಿ ಇಟ್ಟರೆ ಅದು ಬರೀ ಮೆಮೊರಿಯಲ್ಲಿದ್ದು ಕರೆಂಟಿನ ಜೊತೆಗೇ ಹೋಗುತ್ತದೆ. ನಕಲಿನ ಪಕ್ಕದಲ್ಲೇ, ದೊಡ್ಡ ಡಿಸ್ಕಿನಲ್ಲಿಡಿ.

ಕೆಲವು ಡಾಕುಗಳು 2 ಟಿಬಿಗಿಂತ ದೊಡ್ಡ ಡಿಸ್ಕಿನ ಸೆಕ್ಟರನ್ನು 512 ಬೈಟಿನ ಬದಲು 4096 ಎಂದು ತೋರಿಸುತ್ತವೆ. ಆಗ ಪಾರ್ಟಿಷನ್ನುಗಳೇ ಇಲ್ಲವೆನ್ನುವಂತೆ ಕಾಣುತ್ತದೆ. ಡಿಸ್ಕಿನಲ್ಲಿ ಏನೂ ಅಳಿದಿಲ್ಲ. ನೇರ ಸಾಟಾ ಕೇಬಲ್ ಹಾಕಿದರೆ ಮರಳಿ ಕಾಣುತ್ತದೆ.

ಎಲ್ಲ ಡಿಸ್ಕುಗಳ ನಕಲೂ ಮುಗಿದ ಮೇಲೆ ಮೂಲ ಡಿಸ್ಕುಗಳನ್ನು ಬಿಚ್ಚಿ ಕಪಾಟಿನಲ್ಲಿಡಿ. ಮುಂದೆ ಹೇಳುವ ಕ್ಯೂನ್ಯಾಪ್ ಒಂದನ್ನು ಬಿಟ್ಟರೆ, ಫೈಲುಗಳು ಕೈಗೆ ಬರುವ ತನಕ ಮತ್ತೆ ಮುಟ್ಟಬೇಡಿ.

ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಕೇಳಿದ್ದು ಈಗ ಉಪಯೋಗಕ್ಕೆ ಬರುತ್ತದೆ. ‘ಸಿಪಿ --ರಿಫ್ಲಿಂಕ್=ಆಲ್ವೇಸ್’ ಎಂದು ಕೊಟ್ಟರೆ 4 ಟಿಬಿಯ ನಕಲಿನ ಮರುನಕಲು ಕ್ಷಣದಲ್ಲಿ ಆಗುತ್ತದೆ, ಜಾಗವೂ ಹಿಡಿಯುವುದಿಲ್ಲ. ಬದಲಾದ ಬ್ಲಾಕುಗಳಷ್ಟೇ ಜಾಗ ತಿನ್ನುತ್ತವೆ. ಇನ್ನು ಮುಂದಿನ ಎಲ್ಲ ಪ್ರಯೋಗವೂ ಈ ಮರುನಕಲಿನ ಮೇಲೆ. ಕೆಟ್ಟರೆ ಅಳಿಸಿ ಇನ್ನೊಂದು ಮಾಡಿಕೊಂಡರಾಯಿತು.

ರೇಡ್ ಜೋಡಿಸುವುದು

ಮನೆ, ಸಣ್ಣ ಆಫೀಸುಗಳ ನಾಸ್‌ಗಳಲ್ಲಿ ಹೆಚ್ಚಿನವು ಒಳಗೆ ಲಿನಕ್ಸೇ. ಸಿನಾಲಜಿ ಕಂಪನಿಯ ಪೆಟ್ಟಿಗೆಗಳಲ್ಲಿ ಪ್ರತಿ ಡಿಸ್ಕಿನ ಮೊದಲ ಪಾರ್ಟಿಷನ್ ಸಿಸ್ಟಮ್ಮಿಗೆ, ಎರಡನೆಯದು ಸ್ವಾಪ್‌ಗೆ, ಡೇಟಾ ಇರುವುದು 3ನೆಯ ಅಥವಾ 5ನೆಯ ಪಾರ್ಟಿಷನ್ನಿನಲ್ಲಿ. ಎಸ್‌ಎಚ್‌ಆರ್ ಎಂಬ ಅವರ ವಿಧಾನವೂ ಸಾಮಾನ್ಯ ಲಿನಕ್ಸ್ ರೇಡ್ ಮತ್ತು ಎಲ್‌ವಿಎಂ (ಡಿಸ್ಕಿನ ಜಾಗವನ್ನು ವಾಲ್ಯೂಮುಗಳಾಗಿ ಹಂಚುವ ಪದರ) ಸೇರಿದ್ದು. ಕ್ಯೂನ್ಯಾಪ್ ಕಂಪನಿಯ ಪೆಟ್ಟಿಗೆಗಳಲ್ಲಿ ಎಲ್‌ವಿಎಂ ಪದರವನ್ನು ಅವರದೇ ರೀತಿ ಬದಲಿಸಿದ್ದಾರೆ. ರೇಡ್ ಜೋಡಣೆಯಾದರೂ ಮುಂದಿನ ಹಂತ ಬೇರೆ ಲಿನಕ್ಸಿನಲ್ಲಿ ಹಲವು ಸಲ ನಿಲ್ಲುತ್ತದೆ. ಅದಕ್ಕೆ ನಕಲು ತೆಗೆದಿಟ್ಟು, ಡಿಸ್ಕುಗಳನ್ನು ಹೊಂದುವ ಇನ್ನೊಂದು ಕ್ಯೂನ್ಯಾಪ್ ಪೆಟ್ಟಿಗೆಗೆ ಹಾಕಿ ನೋಡುವುದೇ ನೇರ ದಾರಿ.

ಈಗ ಎಂಡಿಆಡ್ಮ್ ಮತ್ತು ಎಲ್‌ವಿಎಂ2 ಹಾಕಿಕೊಳ್ಳಿ. ಪ್ರತಿ ಮರುನಕಲಿಗೂ ‘ಲೋಸೆಟಪ್ -ಎಫ್‌ಪಿ’ ಕೊಡಿ, ಎಫ್ ಸಣ್ಣದು, ಪಿ ದೊಡ್ಡಕ್ಷರ. ಒಂದೊಂದು ನಕಲೂ ಒಂದೊಂದು ಡಿಸ್ಕಿನಂತೆ ಪಾರ್ಟಿಷನ್ ಸಮೇತ ಕಾಣಿಸಿಕೊಳ್ಳುತ್ತದೆ. ಮೊದಲ ನಕಲು, ಮರುನಕಲು, ಮೂಲ ಡಿಸ್ಕು ಇವುಗಳಲ್ಲಿ ಎರಡನ್ನು ಒಟ್ಟಿಗೆ ಸಿಕ್ಕಿಸಬೇಡಿ. ಎಲ್ಲಕ್ಕೂ ಗುರುತಿನ ಸಂಖ್ಯೆ ಒಂದೇ ಆದ್ದರಿಂದ ಲಿನಕ್ಸ್ ಒಂದರ ಬದಲು ಇನ್ನೊಂದನ್ನು ಎತ್ತಿಕೊಳ್ಳುತ್ತದೆ.

ಆಮೇಲೆ ಪ್ರತಿ ಡೇಟಾ ಪಾರ್ಟಿಷನ್ನಿಗೂ ‘ಎಂಡಿಆಡ್ಮ್ --ಎಕ್ಸಾಮಿನ್’. ಬಂದ ಉತ್ತರವನ್ನು ಕಾಗದಕ್ಕೆ ಇಳಿಸಿಕೊಳ್ಳಿ. ಅದರಲ್ಲಿ ‘ಇವೆಂಟ್ಸ್’ ಮತ್ತು ‘ಅಪ್‌ಡೇಟ್ ಟೈಮ್’ ಎಂಬ ಎರಡು ಸಾಲುಗಳ ಮೇಲೆ ಎಲ್ಲ ನಿಂತಿದೆ. ರೇಡ್‌ನಲ್ಲಿ ಏನು ಬದಲಾದರೂ ಇವೆಂಟ್ಸ್ ಎಣಿಕೆ ಏರುತ್ತದೆ. ಕರೆಂಟ್ ಹೋದಾಗ ಒಂದು ಡಿಸ್ಕಿಗೆ ಕೊನೆಯ ಎಣಿಕೆ ತಲುಪದೆ ಉಳಿದವುಗಳಿಗಿಂತ ಸ್ವಲ್ಪ ಹಿಂದೆ ಬಿದ್ದಿರುತ್ತದೆ, ಅಷ್ಟಕ್ಕೇ ನಾಸ್ ಅದನ್ನು ಹೊರಹಾಕಿರುತ್ತದೆ. ಅಂತರ ಬೆರಳೆಣಿಕೆಯಷ್ಟಿದ್ದು ಸಮಯವೂ ಒಂದೇ ನಿಮಿಷದ್ದಾದರೆ ‘ಎಂಡಿಆಡ್ಮ್ --ಅಸೆಂಬಲ್ --ಫೋರ್ಸ್’ ಎಂದು ಎಲ್ಲವನ್ನೂ ಸೇರಿಸಿ ಜೋಡಿಸಬಹುದು.

ಒಂದು ಡಿಸ್ಕಿನ ಅಪ್‌ಡೇಟ್ ಟೈಮ್ ಮೂರು ತಿಂಗಳ ಹಿಂದಿನದಾಗಿದ್ದರೆ ಕತೆಯೇ ಬೇರೆ. ಅದು ಆಗಲೇ ಹೊರಬಿದ್ದಿತ್ತು, ಯಾರೂ ಗಮನಿಸಿರಲಿಲ್ಲ, ಈಗ ಕರೆಂಟ್ ಹೋದಾಗ ಎರಡನೆಯದು ಜಾರಿತು. ಇದು ನಾವಂದುಕೊಳ್ಳುವುದಕ್ಕಿಂತ ಸಾಮಾನ್ಯ. ಹಳೆಯ ಡಿಸ್ಕನ್ನು ಬಿಟ್ಟು ಉಳಿದವುಗಳಿಂದಲೇ ಜೋಡಿಸಿ. ಸೇರಿಸಿದರೆ ಮೂರು ತಿಂಗಳ ಹಿಂದಿನ ತುಣುಕು ಇಂದಿನ ಫೈಲುಗಳ ನಡುವೆ ಬೆರೆತು ಎಲ್ಲವೂ ಕೆಡುತ್ತದೆ.

ರೇಡ್ 5ರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಡೇಟಾ ಬರೆದು, ಅದಕ್ಕೆ ಹೊಂದುವ ಪ್ಯಾರಿಟಿ (ಇಲ್ಲದ ಡಿಸ್ಕಿನ ಡೇಟಾವನ್ನು ಲೆಕ್ಕ ಹಾಕಲು ಬಳಸುವ ಹೆಚ್ಚುವರಿ ಮಾಹಿತಿ) ಬರೆಯುವ ಮುಂಚೆ ಕರೆಂಟ್ ಹೋದರೆ ಆ ಜಾಗದಲ್ಲಿ ಎರಡೂ ತಾಳೆಯಾಗುವುದಿಲ್ಲ. ಎಲ್ಲ ಡಿಸ್ಕುಗಳಿದ್ದರೆ ತೊಂದರೆಯಿಲ್ಲ, ಡೇಟಾ ನೇರ ಸಿಗುತ್ತದೆ. ಒಂದು ಡಿಸ್ಕಿಲ್ಲದೆ ಪ್ಯಾರಿಟಿಯಿಂದ ಲೆಕ್ಕ ಹಾಕಬೇಕಾದಾಗ ಆ ಜಾಗದಲ್ಲಿ ತಪ್ಪು ಉತ್ತರ ಬರುತ್ತದೆ. ‘ಮೂರಿದ್ದರೆ ಸಾಕಲ್ಲ’ ಎಂದು ನಾಲ್ಕನೆಯ ಡಿಸ್ಕಿನ ನಕಲನ್ನು ಬಿಡಬಾರದು ಎನ್ನುವುದು ಇದಕ್ಕೆ.

ರೇಡ್ 1 (ಎಲ್ಲ ಡಿಸ್ಕಿನಲ್ಲೂ ಅದೇ ಡೇಟಾ) ಆದರೆ ಒಂದೇ ಡಿಸ್ಕು ಸಾಕು. ಹೊಸ ಎಣಿಕೆ ಇರುವುದನ್ನು ಆರಿಸಿ ‘--ಅಸೆಂಬಲ್ --ರನ್’ ಕೊಡಿ. ಡೇಟಾವನ್ನು ಡಿಸ್ಕುಗಳಿಗೆ ಹಂಚಿ ಬರೆಯುವ ರೇಡ್ 0ಗೆ ಎಲ್ಲವೂ ಬೇಕು. ಯಾವ ರೇಡ್ ಆದರೂ ‘--ಕ್ರಿಯೇಟ್’ ಎಂಬ ಪದವನ್ನು ಟೈಪ್ ಮಾಡಬೇಡಿ. ಅದು ಹಳೆಯ ಜೋಡಣೆಯ ದಾಖಲೆ ಅಳಿಸಿ ಹೊಸದು ಬರೆಯುತ್ತದೆ. ಡಿಸ್ಕುಗಳ ಕ್ರಮವೋ ಡೇಟಾ ಶುರುವಾಗುವ ಜಾಗವೋ ಒಂದಿಷ್ಟು ತಪ್ಪಿದರೂ ಒಳಗಿನದು ಗೋಜಲು.

ಫೈಲ್‌ಸಿಸ್ಟಮ್ ತೆರೆಯುವುದು

‘ವಿಜಿಚೇಂಜ್ -ಎವೈ’ ಕೊಟ್ಟು ‘ಎಲ್‌ವಿಎಸ್’ ನೋಡಿ. ವಾಲ್ಯೂಮ್ ಹೆಸರು ಕಂಡರೆ ಅದನ್ನು, ಎಲ್‌ವಿಎಂ ಇಲ್ಲದಿದ್ದರೆ ರೇಡ್ ಸಾಧನವನ್ನೇ, ‘ಮೌಂಟ್ -ಒ ಆರ್‌ಒ’ ಎಂದು ಓದಲು ಮಾತ್ರ ತೆರೆಯಿರಿ. ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಮ್ ಆದರೆ ‘ಆರ್‌ಒ’ ಎಂದು ಹೇಳಿದರೂ ಅದು ಜರ್ನಲ್ ಓಡಿಸಿ ಬರೆಯುತ್ತದೆ. ಮರುನಕಲಿನ ಮೇಲಾದ್ದರಿಂದ ನಮಗೆ ಅದು ಬೇಕಾದದ್ದೇ, ಅರ್ಧಕ್ಕೆ ನಿಂತ ಕೆಲಸ ಪೂರ್ತಿಯಾಗುತ್ತದೆ. ಜರ್ನಲ್ಲೇ ಕೆಟ್ಟಿದೆ ಎಂದು ನಿರಾಕರಿಸಿದರೆ ‘ಆರ್‌ಒ,ನೋಲೋಡ್’. ಸೂಪರ್‌ಬ್ಲಾಕ್ (ಫೈಲ್‌ಸಿಸ್ಟಮ್ಮಿನ ಮೂಲ ವಿವರವಿರುವ ಬ್ಲಾಕು) ಕೆಟ್ಟಿದ್ದರೆ ‘ಇ2ಎಫ್‌ಎಸ್‌ಸಿಕೆ -ಬಿ 32768’ ಎಂದು ಮೀಸಲು ಪ್ರತಿಯಿಂದ, ಅದೂ ಇನ್ನೊಂದು ಹೊಸ ಮರುನಕಲಿನ ಮೇಲೆ. ಹೆಸರು ಕಳೆದುಕೊಂಡ ಫೈಲುಗಳು ‘ಲಾಸ್ಟ್+ಫೌಂಡ್’ ಫೋಲ್ಡರಿನಲ್ಲಿ ಬರೀ ಸಂಖ್ಯೆಯಾಗಿ ಕೂತಿರುತ್ತವೆ. ‘ಫೈಲ್’ ಕಮ್ಯಾಂಡಿನಿಂದ ಯಾವುದು ಫೋಟೊ, ಯಾವುದು ಪಿಡಿಎಫ್ ಎಂದು ತಿಳಿಯಬಹುದು.

ಬಿಟಿಆರ್‌ಎಫ್‌ಎಸ್ ಆದರೆ ‘ಆರ್‌ಒ,ಯೂಸ್‌ಬ್ಯಾಕಪ್‌ರೂಟ್’ ಮೊದಲು. ಹೊಸ ಕರ್ನಲ್‌ಗಳಲ್ಲಿ ಇದರ ಹೆಸರು ‘ರೆಸ್ಕ್ಯೂ=ಯೂಸ್‌ಬ್ಯಾಕಪ್‌ರೂಟ್’. ಅದಕ್ಕೂ ಬಗ್ಗದಿದ್ದರೆ ‘ಬಿಟಿಆರ್‌ಎಫ್‌ಎಸ್ ರಿಸ್ಟೋರ್’. ಇದು ಮೌಂಟ್ ಮಾಡದೆಯೇ ಫೈಲುಗಳನ್ನು ಹೊರಗೆಳೆಯುತ್ತದೆ, ಏನನ್ನೂ ಬರೆಯುವುದಿಲ್ಲ. ‘ಚೆಕ್ --ರಿಪೇರ್’ ಹೆಸರು ಚೆಂದ, ಆದರೆ ಅದು ಕಟ್ಟಕಡೆಯ ಅಸ್ತ್ರ. ಸಿನಾಲಜಿಯ ಬಿಟಿಆರ್‌ಎಫ್‌ಎಸ್ ಅನ್ನು ಹೊಸ ಉಬುಂಟು ಒಪ್ಪದೆ ಹೋದರೆ ಹಳೆಯ 18.04 ಪೆನ್‌ಡ್ರೈವ್ ಮಾಡಿ ನೋಡಿ. ಹೊಸ ಕರ್ನಲ್‌ನ ತಪಾಸಣೆ ಕಟ್ಟುನಿಟ್ಟಾದದ್ದು.

ಜೆಡ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಇರುವ ನಾಸ್ ಆದರೆ ಎಂಡಿಆಡ್ಮ್ ಬೇಡವೇ ಬೇಡ. ‘ಜೆಡ್‌ಪೂಲ್ ಇಂಪೋರ್ಟ್ -ಎಫ್ -ಒ ರೀಡ್‌ಓನ್ಲಿ=ಆನ್’ ಸಾಕಾಗುತ್ತದೆ. ಆಗದಿದ್ದರೆ ದೊಡ್ಡಕ್ಷರದ ‘-ಎಫ್’ ಅನ್ನೂ ಸೇರಿಸಿ. ಕೊನೆಯ ಕೆಲವು ಸೆಕೆಂಡುಗಳ ಬರವಣಿಗೆ ಬಿಟ್ಟು ಅದಕ್ಕೂ ಹಿಂದಿನ ಸುಸ್ಥಿತಿಗೆ ಹೋಗುತ್ತದೆ.

ಡಬ್ಲ್ಯುಡಿ ಮೈ ಬುಕ್ ಲೈವ್‌ನಂಥ ಹಳೆಯ ಪೆಟ್ಟಿಗೆಗಳಲ್ಲಿ ಇಎಕ್ಸ್‌ಟಿ4ರ ಬ್ಲಾಕು 64 ಕೆಬಿಯದು. ಸಾಮಾನ್ಯ ಪಿಸಿಯಲ್ಲಿ ಅದು ಮೌಂಟ್ ಆಗದಿರಬಹುದು, ಡಿಸ್ಕ್ ಹಾಳಾಗಿದೆ ಎಂದು ತಿಳಿಯಬೇಡಿ. ಡೀಬಗ್‌ಎಫ್‌ಎಸ್‌ನ ‘ಆರ್‌ಡಂಪ್’ ಫೋಲ್ಡರುಗಳನ್ನು ಹಾಗೇ ಇಳಿಸಿಕೊಡುತ್ತದೆ. ಫೋಟೊರೆಕ್‌ನಂಥ ಟೂಲ್ ಇವೆಲ್ಲ ಸೋತ ಮೇಲಿನದು, ಅದೂ ಜೋಡಿಸಿದ ರೇಡ್‌ನ ಮೇಲೆ. ಫೈಲಿನ ಹೆಸರು, ಫೋಲ್ಡರು ಯಾವುದೂ ಉಳಿಯುವುದಿಲ್ಲ, ಚದುರಿದ ವಿಡಿಯೊಗಳು ತುಂಡಾಗುತ್ತವೆ.

ಬಂದದ್ದು ಸರಿಯಿದೆಯೇ

‘ಆರ್‌ಸಿಂಕ್ -ಎ’ ಬಳಸಿ ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳಿ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು ಟರ್ಮಿನಲ್ಲಿನಲ್ಲಿ ಪ್ರಶ್ನೆಚಿಹ್ನೆಗಳಾಗಿ ಕಂಡರೆ ಹೆಸರು ಬದಲಿಸಲು ಹೋಗಬೇಡಿ. ಯುನಿಕೋಡ್ ಬೈಟುಗಳು ಸರಿಯಾಗಿರುತ್ತವೆ, ತೋರಿಸುವ ಸಿಸ್ಟಮ್ಮಿಗೆ ಯುಟಿಎಫ್-8 ಹೊಂದಿಸಿರುವುದಿಲ್ಲ, ಅಷ್ಟೇ. ಹೆಸರುಗಳೆಲ್ಲ ‘ಇಕ್ರಿಪ್ಟ್‌ಎಫ್‌ಎಸ್’ ಎಂದು ಶುರುವಾಗುತ್ತಿದ್ದರೆ ಅದು ಎನ್‌ಕ್ರಿಪ್ಟ್ ಮಾಡಿದ ಫೋಲ್ಡರು, ಅದರ ಕೀ ಇಲ್ಲದೆ ತೆರೆಯದು.

ಫೋಟೊಗಳ ಸಣ್ಣ ಚಿತ್ರ ಕಂಡಿತೆಂದು ನೆಮ್ಮದಿಪಡಬೇಡಿ. ಸಣ್ಣ ಚಿತ್ರ ಫೈಲಿನ ತಲೆಯಲ್ಲೇ ಇರುತ್ತದೆ, ಉಳಿದ ಭಾಗ ಬೂದುಬಣ್ಣವಿರಬಹುದು. ಕರೆಂಟ್ ಹೋದ ದಿನ ಬದಲಾದ ಫೈಲುಗಳನ್ನು ದಿನಾಂಕದ ಪ್ರಕಾರ ಸಾಲಾಗಿಟ್ಟು ಒಂದೊಂದಾಗಿ ಪೂರ್ತಿ ತೆರೆದು ನೋಡಿ. ಸೊನ್ನೆ ಬೈಟಿನವನ್ನು ಪ್ರತ್ಯೇಕ ಪಟ್ಟಿ ಮಾಡಿ. ಟ್ಯಾಲಿಯ ಡೇಟಾ ಫೋಲ್ಡರು ನಾಸ್‌ನಲ್ಲೇ ಇದ್ದು ಆ ಹೊತ್ತಿಗೆ ತೆರೆದಿದ್ದರೆ ಕಂಪನಿ ಡೇಟಾ ಒಳಗೇ ಕೆಟ್ಟಿರುವ ಸಾಧ್ಯತೆ ಇದೆ. ಫೋಲ್ಡರಿನ ಇನ್ನೊಂದು ಪ್ರತಿ ಮಾಡಿಕೊಂಡು ಆ ಪ್ರತಿಯ ಮೇಲೆ ಟ್ಯಾಲಿಯ ರಿಪೇರಿ ಓಡಿಸಿ, ಕೊನೆಯ ದಿನದ ವೋಚರುಗಳನ್ನು ಬಿಲ್ಲಿನ ಜೊತೆ ತಾಳೆ ನೋಡಿ.

ನಾಸ್ ಮತ್ತೆ ಕೂರಿಸುವಾಗ

ಮನೆಯ ಇನ್ವರ್ಟರ್ ಇದೆ, ಸಾಕು ಎನ್ನುವಂತಿಲ್ಲ. ಅದರ ಹಿಂದಿರುವ ಸ್ವಿಚ್ಚು ನಾರ್ಮಲ್‌ನಲ್ಲಿದ್ದರೆ ಬದಲಾವಣೆಯ ಆ ಕ್ಷಣವನ್ನು ಅಡಾಪ್ಟರ್ ತಡೆದುಕೊಳ್ಳದಿರಬಹುದು. ಕನಿಷ್ಠ ಯುಪಿಎಸ್ ಕಡೆಗೆ ಹಾಕಿ. ಆದರೂ ಬ್ಯಾಟರಿ ಮುಗಿಯುತ್ತಿದೆ ಎಂದು ನಾಸ್‌ಗೆ ತಿಳಿಸುವ ತಂತಿ ಇನ್ವರ್ಟರಿಗೆ ಇಲ್ಲ. ಯುಎಸ್‌ಬಿ ಪೋರ್ಟ್ ಇರುವ 600 ವಿಎ ಯುಪಿಎಸ್ ಬೇಕು. ಅಗ್ಗದ ಮಾದರಿಗಳಲ್ಲಿ ಆ ಪೋರ್ಟ್ ಇರುವುದಿಲ್ಲ, ಕೊಳ್ಳುವಾಗ ಹಿಂದೆ ತಿರುಗಿಸಿ ನೋಡಿ. ಕೇಬಲನ್ನು ನಾಸ್‌ಗೆ ಸಿಕ್ಕಿಸಿ, ಕರೆಂಟ್ ಹೋಗಿ ಎರಡು ನಿಮಿಷಕ್ಕೆ ತಾನೇ ಶಟ್‌ಡೌನ್ ಆಗುವಂತೆ ಇಡಿ. ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಆಯ್ಕೆಯನ್ನು ತೆಗೆದುಬಿಡಿ. ಲೈನ್ ಸ್ಥಿರವಾಗುವ ಮುಂಚೆ ಮೂರು ಸಲ ಹೋಗಿ ಬರುವ ಊರುಗಳಲ್ಲಿ ಡಿಸ್ಕುಗಳಿಗೆ ಹೆಚ್ಚು ಪೆಟ್ಟು ಕೊಡುವುದು ಅದೇ.

ನ್ಯೂಟ್ರಲ್ ತುಂಡಾದರೆ ಸಿಂಗಲ್ ಫೇಸ್ ಸಾಕೆಟ್ಟಿಗೂ 400 ವೋಲ್ಟಿನ ಹತ್ತಿರ ಬರಬಹುದು. ಅದಕ್ಕೆ ಯುಪಿಎಸ್ ಒಂದರಿಂದ ಸಾಲದು, ಹೆಚ್ಚು ವೋಲ್ಟೇಜ್ ಬಂದಾಗ ಕಡಿದುಬಿಡುವ ಸಾಧನವನ್ನು ಎಲೆಕ್ಟ್ರಿಷಿಯನ್ ಬೋರ್ಡಿನಲ್ಲೇ ಹಾಕಿಕೊಡುತ್ತಾರೆ. ಯುಪಿಎಸ್‌ನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ. ಆರು ತಿಂಗಳಿಗೊಮ್ಮೆ, ನಾಸ್ ಮೇಲೆ ಯಾರೂ ಕೆಲಸ ಮಾಡದ ಹೊತ್ತು ನೋಡಿ, ಆ ಸಾಕೆಟ್ಟಿನ ಸ್ವಿಚ್ಚು ಆರಿಸಿ. ಪ್ಲಗ್ ಕೀಳಬೇಡಿ, ಕಿತ್ತರೆ ಅರ್ಥಿಂಗ್ ತಪ್ಪುತ್ತದೆ. ಎರಡು ನಿಮಿಷ ಕಳೆದು ನಾಸ್ ತಾನಾಗಿ ಆರಬೇಕು. ಅದಕ್ಕೂ ಮುಂಚೆ ಯುಪಿಎಸ್ಸೇ ಕುಸಿದರೆ ಬ್ಯಾಟರಿ ಬದಲಿಸುವ ದಿನ ಬಂದಿದೆ.